ದೀಪ ಹಚ್ಚಲು ಒಂದು ಮನೆ

ಹನ್ನೊಂದನೇ ವಿಭಾಗ, ವಖ್ಶ್ ಬಯಲು
12 ಅಕ್ಟೋಬರ್ 1953

ಅಣ್ಣ ಖುಷ್‌ನಜರ್‌ಗೆ ತಂಗಿ ಶಕರ್‌ಮೋ ಹೇಳಿ ಬರೆಸಿದ್ದು.

ನಾವು ನಾಲ್ವರೂ ತಲುಪಿದೆವು. ಲಾರಿಯಲ್ಲಿ ಹನ್ನೊಂದು ದಿನ ಹಿಡಿಯಿತು. ದಾರಿಯುದ್ದಕ್ಕೂ ಹುಡುಗ ವಾಂತಿ ಮಾಡಿಕೊಂಡ, ಹುಡುಗಿ ಹಾಡಿದಳು. ಇಲ್ಲಿ ಬೆಟ್ಟವಿಲ್ಲ ಅಣ್ಣ. ಕಣ್ಣು ಹಾಯಿಸಿದರೆ ನೋಟಕ್ಕೆ ಎಲ್ಲೂ ತಡೆಯಿಲ್ಲ, ಹೋಗುತ್ತಲೇ ಇರುತ್ತದೆ. ಸುತ್ತ ಹತ್ತಿ, ಹತ್ತಿಯ ನಡುವೆ ಕಾಲುವೆ, ಕಾಲುವೆಯ ಮೇಲೆ ಸೊಳ್ಳೆ. ಅಕ್ಟೋಬರ್‌ನಲ್ಲೂ ಬೆನ್ನು ಸುಡುವ ಬಿಸಿಲು.

ನಮಗೆ ಸಿಕ್ಕಿರುವುದು ಸಾಲುಮನೆಯಲ್ಲಿ ಒಂದು ಕೋಣೆ. ನಮ್ಮೂರ ಮನೆಗಳ ಹಾಗೆ ಐದು ಕಂಬವಿಲ್ಲ, ಹುಡುಕಿದರೂ ಒಂದಿಲ್ಲ. ಬೆಳಕು ನೆತ್ತಿಯಿಂದ ಇಳಿಯುವುದಿಲ್ಲ, ಗೋಡೆಯ ತೂತಿನಿಂದ ಅಡ್ಡಡ್ಡ ನುಗ್ಗುತ್ತದೆ. ಉಣ್ಣಲು ಕೂತರೆ ಹಿರಿಯರ ಜಾಗ ಯಾವುದು, ಹೆಂಗಸರ ಜಾಗ ಯಾವುದು, ಬಂದವರನ್ನು ಎಲ್ಲಿ ಕೂರಿಸಬೇಕು ಒಂದೂ ತಿಳಿಯುವುದಿಲ್ಲ. ಎಲ್ಲರೂ ಗೋಡೆಗೊರಗಿ ಲಾರಿಗೆ ಕಾಯುವವರ ಹಾಗೆ ಕೂತಿರುತ್ತೇವೆ.

ಹತ್ತಿ ಬೆಳೆಸಲು ಸರ್ಕಾರ ನಮ್ಮನ್ನು ಬೆಟ್ಟದಿಂದ ಇಳಿಸಿದ್ದು ಎರಡು ವರ್ಷಕ್ಕಷ್ಟೇ, ಆಮೇಲೆ ಬೇಕಾದವರು ಅರ್ಜಿ ಕೊಟ್ಟು ಹಿಂದಿರುಗಬಹುದು ಎಂದು ಮೇಲ್ವಿಚಾರಕ ಹೇಳಿದ್ದಾನೆ. ಅಲ್ಲಿಯವರೆಗೆ ನನ್ನ ಮನೆ ನಿನ್ನ ಕೈಯಲ್ಲಿ. ವಾರಕ್ಕೊಮ್ಮೆ ಹೋಗಿ ಒಲೆ ಹೊತ್ತಿಸು. ಹೊಗೆ ಕಾಣದ ತೊಲೆಗೆ ಹುಳ ಹಿಡಿಯುತ್ತದೆ ಎಂದು ನೀನೇ ಹೇಳುತ್ತಿದ್ದೆ. ಹಿಮ ಬಿದ್ದಾಗ ಚಾವಣಿ ಗುಡಿಸು. ಚಾವಣಿಯ ಬೆಳಕಿಂಡಿಯ ಮುಚ್ಚಳ ಬಿಸಿಲಿದ್ದ ದಿನ ತೆಗೆದಿಡು. ಮನೆಗೂ ಉಸಿರು ಬೇಕು.

(ಭಾವ, ಈಗ ನಾನು, ಯೋರ್‌ಬೆಕ್. ಇವಳು ಹೇಳ್ತಾಳೆ, ನಾನು ಬರೀತೀನಿ. ಮದುವೆ ಆದಾಗಿಂದ ಇದೇ ಉದ್ಯೋಗ. ಅದಿರ್ಲಿ, ನಮ್ಮನೇಲಿ ನಾವಿಬ್ಬರೂ ನಿಲ್ಲಿಸಿದ ಅಲಿಯ ಕಂಬ ಇನ್ನೂ ಒಂದು ಬೆರಳು ವಾಲ್ಕೊಂಡೇ ಇದೆಯೋ, ನಾನು ಊರು ಬಿಟ್ಟ ಖುಷೀಲಿ ನೆಟ್ಟಗೆ ನಿಂತುಬಿಡ್ತೋ? ಇವಳು ಕಾಗದ ಮಡಚು ಅಂತಿದ್ದಾಳೆ. ಮಡಚ್ತೀನಿ.)


ರವ್‌ಜೇವ್, ಬರ್ತಂಗ್ ಕಣಿವೆ
24 ನವೆಂಬರ್ 1953

ತಂಗಿ ಶಕರ್‌ಮೋ,

ನಿನ್ನ ಕಾಗದ ನಲವತ್ತು ದಿನ ನಡೆದು ಬಂತು. ನನ್ನದು ಬಾಚಿ ಹಿಡಿದ ಕೈ. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರ ಮರ ಕೆತ್ತಿದ ಹಾಗೆ ಬರುತ್ತದೆ, ಸಾವಕಾಶವಾಗಿ ಓದಿಸಿಕೊ.

ಊರಿನಲ್ಲಿ ಈಗ ಐದೇ ಮನೆಯಲ್ಲಿ ಹೊಗೆ ಏಳುತ್ತದೆ. ಕುರಿ ಕಾಯಲು ಉಳಿದ ಮೂರು ಮನೆ, ಕಾಲು ಬಾರದ ಖಲೀಫಾ ಮತ್ತು ಅವರ ಹೆಂಡತಿ, ಪ್ರಪಾತದಂಚಿನ ಬಂಡೆಹಾದಿಯ ಹಲಗೆ ಬಿಗಿಯಲು ಉಳಿಸಿಕೊಂಡ ನಾನು. ಖಲೀಫಾ ನಗುತ್ತಾರೆ. "ನಲವತ್ತು ಮನೆಗೆ ಪ್ರಾರ್ಥನೆ ಹೇಳ್ತಿದ್ದ ಬಾಯಿ, ಈಗ ಐದು ಮನೆಗೆ ಹೇಳು ಅಂದ್ರೆ ಉಳಿದ ಮೂವತ್ತೈದು ಪ್ರಾರ್ಥನೆ ಎಲ್ಲಿಡ್ಲಿ" ಎನ್ನುತ್ತಾರೆ.

ನಿನ್ನ ಮನೆ ಚೆನ್ನಾಗಿದೆ. ನೀನು ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಅದರ ಚಿಂತೆ ಬಿಡು, ಮಕ್ಕಳನ್ನು ನೋಡಿಕೊ.

ಹೋದ ತಿಂಗಳು ಜಿಲ್ಲೆಯಿಂದ ಇಬ್ಬರು ಬಂದಿದ್ದರು. ಹನ್ನೆರಡು ದಿನ ನನಗೆ ಕೆಲಸ ಕೊಟ್ಟರು. ಕೆಲಸದ ವಿಷಯ ಬರೆಯುವಂಥದ್ದೇನೂ ಅಲ್ಲ. ಮುಗಿದ ಮೇಲೆ ಬಾಚಿಯನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟೆ. ಮತ್ತೆ ಹೊರಗೆ ತೆಗೆದಿಲ್ಲ.

ಭಾವನಿಗೆ ಹೇಳು: ಕಂಬ ವಾಲಿದ್ದು ವಾಲಿದ ಹಾಗೇ ಇದೆ. ತೂಗುಗುಂಡು ಹಿಡ್ಕೊಂಡು ಕಂಬ ನೋಡಯ್ಯ ಅಂದ್ರೆ ಮದುವೆ ಹುಡುಗಿ ಕಡೆ ನೋಡಿದ ಗಂಡು ನೀನು. ಏಳು ವರ್ಷ ಆಯ್ತು, ನನ್ನ ಕಸುಬಿಗೆ ಅದೊಂದೇ ಕಳಂಕ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಊರಾಚೆಗೆ ಅಟ್ಟುತ್ತಿದ್ದೆ.

ಖುಷ್‌ನಜರ್


ಹನ್ನೊಂದನೇ ವಿಭಾಗ
6 ಜನವರಿ 1954

ಅಣ್ಣ,

"ಚೆನ್ನಾಗಿದೆ" ಎಂದರೆ ಸಾಲದು. ಗಂಡಸರ ಹಾಗೆ ಬರೆಯಬೇಡ. ಹಿಮ ಎಷ್ಟು ಬಿತ್ತು, ಒಲೆಯ ಮೇಲಿನ ಬಿರುಕಿಗೆ ಮಣ್ಣು ಮೆತ್ತಿದೆಯಾ, ಬೆಳಕಿಂಡಿಗೆ ಒಂದರ ಮೇಲೊಂದು ಕೂರಿಸಿದ ಚೌಕಗಳಲ್ಲಿ ಮೂರನೆಯದರ ಸಂದಿಯಲ್ಲಿದ್ದ ಗುಬ್ಬಿಗೂಡು ಹಾಗೇ ಇದೆಯಾ, ಇದನ್ನೆಲ್ಲ ಬರೆ. ಮಧ್ಯಾಹ್ನ ಹತ್ತಿಗಿಡದ ಸಾಲಿನಲ್ಲಿ ಬಗ್ಗಿದ್ದಾಗ ಕಣ್ಣು ಮುಚ್ಚಿ ನನ್ನ ಮನೆಯೊಳಗೆ ಹೋಗುತ್ತೇನೆ. ಎಡಕ್ಕೆ ಪ್ರವಾದಿಗಳ ಕಂಬ, ನೀನು ಆರಿಸಿ ತಂದ ಗುಗ್ಗುಳದ ವಾಸನೆಯ ಮರದ್ದು. ಅಲಿಯದು, ಫಾತಿಮಾ ತಾಯಿಯದು, ಆಚೆ ಹಸನ್ ಹುಸೇನರ ಜೋಡಿ. ಒಂದೊಂದನ್ನೇ ಕೈಯಲ್ಲಿ ಮುಟ್ಟಿ ಬಂದರೆ ಬಿಸಿಲು ತಡೆದುಕೊಳ್ಳಬಹುದು. ನಿನ್ನ ಕಾಗದದಲ್ಲಿ ಗುರುತು ಸಿಗದಿದ್ದರೆ ನಾನು ಮುಟ್ಟುವುದೆಲ್ಲಿ?

ವಸಂತದ ಹಬ್ಬಕ್ಕೆ ನನ್ನ ಮನೆಯ ಐದೂ ಕಂಬಕ್ಕೆ ನೀನೇ ಹಿಟ್ಟಿನ ಚಿತ್ತಾರ ಹಾಕಬೇಕು. ಗಂಡಸು ಹಾಕಿದರೆ ಜನ ನಗುತ್ತಾರೆ ಎನ್ನಬೇಡ. ನಗಲು ಅಲ್ಲಿ ಯಾರಿದ್ದಾರೆ?

ಇವರಿಗೆ ಎರಡು ದಿನಕ್ಕೊಮ್ಮೆ ಜ್ವರ ಬರುತ್ತದೆ. ಇಲ್ಲಿ ಎಲ್ಲರಿಗೂ ಬರುತ್ತದೆ. ಹಳದಿ ಗುಳಿಗೆ ಕೊಡುತ್ತಾರೆ.

(ಭಾವ, ಇವಳು ಹೇಳಿದ್ದರಲ್ಲಿ ಅರ್ಧ ಬಿಟ್ಟಿದ್ದೀನಿ, ಕೈ ನಡುಗ್ತದೆ. ಜ್ವರ ಅಂದ್ರೆ ಏನಂತೀರಿ, ನಮ್ಮೂರಿನ ಚಳಿಗಾಲ ನನ್ನ ಹುಡುಕ್ಕೊಂಡು ಇಲ್ಲೀ ತನಕ ಬಂದು ಮೈ ಒಳಗೆ ಕೂತ್ಕೊಂಡಿದೆ. ಅಷ್ಟೊಂದು ಪ್ರೀತಿ ಅದಕ್ಕೆ. ಬೇಸಿಗೆಗೆ ಬೆಟ್ಟಕ್ಕೆ ಬಂದ್ರೆ ಬಿಟ್ಟು ಹೋಗುತ್ತೆ. ಒಂದು ವಿಷಯ. ಕಂಬ ವಾಲಿದ್ದು ನನ್ನಿಂದ ಅಲ್ಲ ಅಂತ ನನಗೆ ಯಾವತ್ತೂ ಗುಮಾನಿ.)


ರವ್‌ಜೇವ್
28 ಫೆಬ್ರವರಿ 1954

ತಂಗಿ,

ಹಿಮ ಸೊಂಟದವರೆಗೆ. ಮೊನ್ನೆ ಕುರಿಹಟ್ಟಿಗೆ ಹೋಗುವ ಹಾದಿಯಲ್ಲಿ ಹಿಮ ಜಾರಿ ಹನ್ನೊಂದು ಕುರಿ ಹೋದವು. ಬಿರುಕಿಗೆ ಮಣ್ಣು ಮೆತ್ತಿದೆ. ಗುಬ್ಬಿಗೂಡು ಜೋಪಾನವಾಗಿದೆ. ಚೌಕದ ನಾಲ್ಕೂ ಹಂತ ಒಂದು ಬಿರುಕಿಲ್ಲದೆ ಗಟ್ಟಿಯಾಗಿವೆ, ಕೈಯಾರೆ ಮುಟ್ಟಿ ನೋಡಿದ್ದೇನೆ. ಹಬ್ಬಕ್ಕೆ ಚಿತ್ತಾರ ಹಾಕುತ್ತೇನೆ. ಖಲೀಫಾರ ಹೆಂಡತಿ ಬೆರಳಲ್ಲಿ ಹೇಗೆ ಒತ್ತಬೇಕೆಂದು ತೋರಿಸಿಕೊಟ್ಟಿದ್ದಾಳೆ. "ಬಾಚಿ ಹಿಡಿದವನಿಗೆ ಹಿಟ್ಟು ಹಿಡಿಯೋಕೆ ಬರಲ್ಲ ಕಣೋ, ಹಿಂಡ್ತೀಯ" ಎಂದು ಬೈದಳು.

ಭಾವ, ನಿನ್ನ ಅಕ್ಷರ ಕೋಳಿ ಕೆದರಿದ ಹಾಗಾಗಿದೆ. ಜ್ವರದ ನೆಪ ಹೇಳಿ ಬರೆಯೋ ಕೆಲಸದಿಂದ ತಪ್ಪಿಸ್ಕೊಳ್ಳೋಕೆ ನೋಡ್ತಿದ್ದೀಯ, ನಾನು ಬಿಡಲ್ಲ. ಗುಮಾನಿಯಂತೆ ಗುಮಾನಿ.

ಶಕರ್‌ಮೋ, ಇದನ್ನು ಮಾತ್ರ ಗಂಭೀರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಏನಾದರೂ ಹೆಚ್ಚುಕಡಿಮೆಯಾದರೆ ಮುಚ್ಚಿಡಬೇಡ. ಕಾಗದ ಕೈಗೆ ಬಂದ ದಿನವೇ ಹೊರಡುತ್ತೇನೆ. ಹಿಮವಿದ್ದರೂ ಸರಿ, ಎದೆಯಲ್ಲಿ ಕೆಮ್ಮಿದ್ದರೂ ಸರಿ. ಅಮ್ಮ ಹೋದಾಗ ಫೆಬ್ರವರಿಯಲ್ಲೇ ಕಣಿವೆ ದಾಟಿ ಬಂದೆನಲ್ಲ. ಹೋದದ್ದು ಎರಡು ಕಾಲ್ಬೆರಳು. ಇನ್ನೂ ಎಂಟಿವೆ.

ಖುಷ್‌ನಜರ್


ಹನ್ನೊಂದನೇ ವಿಭಾಗ
11 ಏಪ್ರಿಲ್ 1954

ಅಣ್ಣ ಖುಷ್‌ನಜರ್ ಅವರಿಗೆ ಶಕರ್‌ಮೋ ಮಾಡುವ ವಂದನೆಗಳು.

ಇದನ್ನು ಬರೆಯುತ್ತಿರುವವರು ಇಲ್ಲಿಯ ಶಾಲೆಯ ಉಪಾಧ್ಯಾಯಿನಿ ಜುಲೈಖೋ. ಬಯಲಿನವರು, ಒಳ್ಳೆಯವರು. ನಿಮ್ಮ ಭಾವನವರು ಕಾಲುವೆ ಅಗೆಯುವ ಕೆಲಸಕ್ಕೆ ದೂರ ಹೋಗಿದ್ದಾರೆ. ಯಾವಾಗ ಬರುತ್ತಾರೆಂದು ತಿಳಿಯದು. ನಿಮ್ಮನ್ನು ಕೇಳಿದೆನೆಂದು ಹೇಳಲು ಹೇಳಿದ್ದಾರೆ.

ಮಕ್ಕಳು ಆರೋಗ್ಯವಾಗಿದ್ದಾರೆ. ಹತ್ತಿ ಬಿತ್ತನೆ ಶುರುವಾಗಿದೆ.

ಖಲೀಫಾರನ್ನು ಒಂದು ಮಾತು ಕೇಳಿ ಬರೆಯಬೇಕು. ನಮ್ಮ ಪಕ್ಕದ ಕೋಣೆಯ ಹೆಂಗಸಿನ ಗಂಡ ಮಾರ್ಚ್ ತಿಂಗಳ ಮೊದಲಲ್ಲಿ ತೀರಿಕೊಂಡರು. ಮೂರನೆಯ ಸಂಜೆ ಹಚ್ಚಬೇಕಾದ ದೀಪವನ್ನು ಹಚ್ಚಲಾಗಲಿಲ್ಲ. ಇಲ್ಲಿಯ ಹಿರಿಯರು ಕೋಣೆಯಲ್ಲೇ ಹಚ್ಚೋಣ ಎಂದರು. ಆಕೆ ಒಪ್ಪಲಿಲ್ಲ. ಐದು ಕಂಬವಿಲ್ಲದ ಕಡೆ ಹಚ್ಚಿದರೆ ಆತನ ಜೀವ ಬಂದು ಎಲ್ಲಿ ಕೂರಬೇಕು, ತನ್ನ ಮನೆ ಯಾವುದೆಂದು ಹೇಗೆ ತಿಳಿಯಬೇಕು ಎಂದು ಆಕೆ ಕೇಳುತ್ತಾಳೆ. ದೀಪವನ್ನು ತಡವಾಗಿ ಹಚ್ಚಬಹುದೇ, ಎಷ್ಟು ತಡವಾಗಬಹುದು? ತಪ್ಪದೆ ಕೇಳಿ ತಿಳಿಸಿ.

ನನ್ನ ಮನೆ ಹೇಗಿದೆ?


ರವ್‌ಜೇವ್
20 ಮೇ 1954

ತಂಗಿ,

ಈ ಸಲದ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಆದರೆ ಉಪ್ಪಿಲ್ಲ. ಖಲೀಫಾರಿಗೆ ಓದಿ ಹೇಳಿದೆ. "ಇದೇನಯ್ಯ, ಸರ್ಕಾರಿ ಕಾಗದ ಓದ್ತಿದ್ದೀಯಾ" ಎಂದರು. ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಟೀಚರಮ್ಮನಿಗೆ ನನ್ನ ನಮಸ್ಕಾರ ಹೇಳು. ಭಾವ ಕಾಲುವೆಯಿಂದ ಬಂದ ಕೂಡಲೇ ಪೆನ್ಸಿಲು ಅವನ ಕೈಗೆ ಕೊಡು. ಅವನ ಬಾಯಿಲ್ಲದ ಕಾಗದ ಓದಿದರೆ ಹೊಟ್ಟೆ ತುಂಬುವುದಿಲ್ಲ. ಜ್ವರ ಬಿಟ್ಟಿತಲ್ಲ, ಇಲ್ಲದಿದ್ದರೆ ಅಗೆಯಲು ಕಳಿಸುತ್ತಿರಲಿಲ್ಲ. ಅಷ್ಟು ಸಮಾಧಾನ.

ನಿನ್ನ ನೆರೆಯವಳ ವಿಷಯ ಕೇಳಿದೆ. ಖಲೀಫಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮೂರನೇ ಸಂಜೆ ತಪ್ಪಿದ್ರೆ ವರ್ಷ ತುಂಬೋದರೊಳಗೆ ಹಚ್ಬೇಕು. ಅವನು ಕೂತೆದ್ದ ಮನೇಲಿ ಆದ್ರೆ ಒಳ್ಳೇದು. ಅಲ್ಲೀ ತನಕ ಆ ಹೆಣ್ಣುಮಗಳು ಬತ್ತಿ ಹೊಸೆದು ಇಟ್ಕೊಂಡಿರ್ಲಿ. ಹಚ್ಚದೆ ಬಿಡಬಾರದು." ಪಾಪ, ಆಕೆಗೆ ಹೇಳು. ಆಕೆಯ ಊರು ಯಾವುದೋ, ಅಲ್ಲಿ ಆಕೆಯ ಮನೆ ಉಳಿದಿದೆಯೋ ಇಲ್ಲವೋ.

ಹಬ್ಬದ ದಿನ ನಿನ್ನ ಐದೂ ಕಂಬಕ್ಕೆ ಚಿತ್ತಾರ ಹಾಕಿದೆ. ಫಾತಿಮಾ ತಾಯಿಯ ಕಂಬಕ್ಕೆ ಹಾಕುವಾಗ ಮದುವೆಯ ದಿನ ಅದಕ್ಕೊರಗಿ ಕೂತಿದ್ದ ನಿನ್ನ ನೆನಪಾಯಿತು. ಕೆಂಪು ಸೆರಗಿನೊಳಗಿಂದ ನಗು ತಡೆಯಲಾಗದೆ ಹೆಗಲು ಕುಣಿಯುತ್ತಿತ್ತು. ಈ ವಿಷಯ ಇಷ್ಟು ಸಾಕು.

ಖುಷ್‌ನಜರ್


ಹನ್ನೊಂದನೇ ವಿಭಾಗ
2 ಜುಲೈ 1954

ಅಣ್ಣ,

ಹಿಂದಿರುಗಲು ಅನುಮತಿ ಸಿಕ್ಕಿತು. ಎರಡು ವರ್ಷ ಕಾಯಬೇಕಾಗಲಿಲ್ಲ. ನಾನು ನಾಲ್ಕು ಸಲ ಕಚೇರಿಯ ಮೆಟ್ಟಿಲು ಹತ್ತಿದೆ. ಕೊನೆಯ ಸಲ ಅಲ್ಲಿದ್ದವನು ನನ್ನ ಮುಖ ನೋಡದೆ ಮುದ್ರೆ ಒತ್ತಿದ. ಕಾಗದದಲ್ಲಿ ಮೂರು ಹೆಸರಿದೆ. ಸೆಪ್ಟೆಂಬರ್ ಕೊನೆಗೆ ಲಾರಿ ಹೊರಡುತ್ತದೆ.

ನಾನು ಮೊದಲು ನಿನ್ನ ಮನೆಗೆ ಬರುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ನೇರವಾಗಿ ನನ್ನ ಮನೆಗೆ ಹೋಗುತ್ತೇನೆ. ಅಲ್ಲಿ ನನಗೆ ಒಂದು ಕೆಲಸವಿದೆ. ಖಲೀಫಾರನ್ನು ಹೊತ್ತು ತರಲು ಜನ ಬೇಕಾಗುತ್ತದೆ, ಕುರಿಯವರಿಗೆ ಹೇಳಿಟ್ಟಿರು. ಏನು, ಯಾಕೆ ಎಂದು ಕೇಳಿ ಬರೆಯಬೇಡ. ಬಂದ ಮೇಲೆ ಕಂಬದ ಪಕ್ಕ ಕೂತು ನಾನೇ ಹೇಳುತ್ತೇನೆ.

ಜುಲೈಖೋ ಇದನ್ನು ಬರೆಯುತ್ತಾ ಅಳುತ್ತಿದ್ದಾರೆ. ನಾನು ಹೊರಡುತ್ತೇನೆಂದು. ನಮ್ಮಿಬ್ಬರಿಗೆ ಸ್ನೇಹವಾಗಿದೆ.

ಶಕರ್‌ಮೋ


ರವ್‌ಜೇವ್
9 ಆಗಸ್ಟ್ 1954

ಶಕರ್‌ಮೋ,

ನಿನ್ನ ಕಾಗದ ಬಂತು. ನೀನು ಬಂದು ಕಣ್ಣಾರೆ ನೋಡುವ ಮೊದಲು ನಾನೇ ಬರೆಯಬೇಕು. ಬರೆದದ್ದನ್ನು ಟೀಚರಮ್ಮ ಓದಲಿ, ಎಲ್ಲರೂ ಓದಲಿ.

ನಿನ್ನ ಮನೆ ಇಲ್ಲ. ಹೋದ ಅಕ್ಟೋಬರ್‌ನಿಂದಲೇ ಇಲ್ಲ. ಹೋದವರು ಹಿಂದಕ್ಕೆ ಬರದ ಹಾಗೆ ಖಾಲಿ ಮನೆಗಳ ಚಾವಣಿ ಇಳಿಸಬೇಕೆಂದು ಜಿಲ್ಲೆಯವರು ಹೇಳಿದರು. ನಾನು ಆಗುವುದಿಲ್ಲ ಎಂದೆ. "ನೀನು ಬಿಚ್ಚದಿದ್ರೆ ನಾವು ಸೀಮೆಎಣ್ಣೆ ಹಾಕ್ತೀವಿ ಮೇಸ್ತ್ರಿ, ನಿನ್ನಿಷ್ಟ" ಎಂದರು. ಬೈಯಲಿಲ್ಲ, ಗದರಿಸಲಿಲ್ಲ. ಚಹಾ ಕುಡಿಯುತ್ತಾ ಹೇಳಿದರು. ಸುಡುವುದಕ್ಕಿಂತ ಬಿಚ್ಚುವುದು ಮೇಲು ಎಂದುಕೊಂಡೆ. ಮೂವತ್ತೈದು ಮನೆಯನ್ನು ಹನ್ನೆರಡು ದಿನದಲ್ಲಿ ಈ ಕೈಯಿಂದ ಬಿಚ್ಚಿದೆ. ಅದರಲ್ಲಿ ಇಪ್ಪತ್ತು ನಾನೇ ಕಟ್ಟಿದ್ದು.

ನಿನ್ನದನ್ನು ಕೊನೆಗೆ ಇಟ್ಟುಕೊಂಡೆ. ಬೆಳಕಿಂಡಿಯ ಚೌಕಗಳನ್ನು ಒಂದೊಂದಾಗಿ ಇಳಿಸಿ ಇದ್ದಲಿನಲ್ಲಿ ಗುರುತು ಹಾಕಿದೆ. ಕಂಬಗಳನ್ನು ಕಿತ್ತು, ಕಂಬಳಿ ಸುತ್ತಿ, ನನ್ನ ಹುಲ್ಲಿನ ಬಣವೆಯೊಳಗೆ ಅಡಗಿಸಿದೆ. ಹಬ್ಬದ ಚಿತ್ತಾರ ಹಾಕಿದ್ದು ಸುಳ್ಳಲ್ಲ. ಹುಲ್ಲು ಸರಿಸಿ, ಮಲಗಿದ್ದ ಕಂಬಗಳಿಗೆ ಹಾಕಿದೆ. ಗುಬ್ಬಿಗೂಡು ನನ್ನ ಮನೆಯ ಮಾಡದಲ್ಲಿದೆ. ಉಳಿದದ್ದೆಲ್ಲ ಸುಳ್ಳು. ನಿನಗೆ ಅಲ್ಲಿ ಆಸರೆ ಅಂತ ಇದ್ದದ್ದು ಆ ಮನೆಯೊಂದೇ ಎಂದು ತಿಳಿದ ಮೇಲೆ ಸತ್ಯ ಬರೆಯಲು ಕೈ ಏಳಲಿಲ್ಲ. ಅಂಜುಬುರುಕ ನಾನು.

ಇನ್ನೊಂದು. ಅಲಿಯ ಕಂಬ ಕಿತ್ತಾಗ ಗುಂಡಿಯೊಳಗೆ ನೋಡಿದೆ. ಬುಡದಲ್ಲಿ ನನ್ನದೇ ಬೆಣೆ, ಅಡ್ಡ ಬಡಿದದ್ದು. ವಾಲಿಸಿದ್ದು ನಾನು. ಭಾವನ ಗುಮಾನಿ ನಿಜ. ಏಳು ವರ್ಷ ಅವನನ್ನು ಹಂಗಿಸಿದೆ. ಅವನು ನಕ್ಕು ಸುಮ್ಮನಿದ್ದ. ಬಂದಾಗ ಊರವರೆದುರು ಅವನ ಮುಂದೆ ಕಿವಿ ಹಿಡಿದುಕೊಳ್ಳುತ್ತೇನೆ.

ಈಗ ಕೇಳು. ನೀವು ಬರುತ್ತೀರೆಂದು ತಿಳಿದ ದಿನವೇ ಬಾಚಿ ಹೊರಗೆ ತೆಗೆದೆ. ನಾಲ್ಕು ಕಂಬ ನಿಲ್ಲಿಸಿದ್ದೇನೆ. ಅಲಿಯದನ್ನು ಬಿಟ್ಟಿದ್ದೇನೆ, ಅದಕ್ಕೆ ತೂಗುಗುಂಡು ಹಿಡಿಯುವವನು ಅವನೇ. ದೊಡ್ಡ ತೊಲೆಯನ್ನು ಎತ್ತಲು ಇಬ್ಬರ ಹೆಗಲು ಬೇಕು. ಕುರಿಯವರು ಮಾಡಿಕೊಡುತ್ತೇವೆ ಎಂದರು. ಬೇಡ ಎಂದೆ. ಆವತ್ತು ಎತ್ತಿದ್ದು ನಾನು, ಭಾವ. ಈಗಲೂ ನಾವಿಬ್ಬರೇ ಎತ್ತುತ್ತೇವೆ. ಅನುಮತಿ ಇದ್ದವರ ಮನೆಗೆ ಇನ್ನು ಯಾರೂ ಕೈ ಹಚ್ಚುವುದಿಲ್ಲ. ಮೂರು ಹೆಸರು ಎಂದು ಬರೆದಿದ್ದೀಯ, ಚಿಕ್ಕವನನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದು ತೋರುತ್ತದೆ. ಅವನನ್ನು ಮಡಿಲಲ್ಲಿ ಕೂರಿಸಿಕೊಂಡರಾಯಿತು.

ಬೈಯುವುದಿದ್ದರೆ ಬಂದು ಬೈ. ಬೇಗ ಬನ್ನಿ. ಹಿಮಕ್ಕೆ ಮೊದಲು ಮಾಡು ಮುಚ್ಚಬೇಕು.

ಖುಷ್‌ನಜರ್


ಹನ್ನೊಂದನೇ ವಿಭಾಗ
19 ಸೆಪ್ಟೆಂಬರ್ 1954

ಅಣ್ಣ,

ಮೂರು ಹೆಸರು ನನ್ನದು ಮತ್ತು ಮಕ್ಕಳಿಬ್ಬರದು.

ಇವರು ಮಾರ್ಚ್ ಎರಡರಂದು ಹೋದರು. ಪಕ್ಕದ ಕೋಣೆಯ ಹೆಂಗಸು ಯಾರೂ ಇಲ್ಲ, ನಾನೇ. ಜ್ವರ ಕಾಮಾಲೆಗೆ ತಿರುಗಿ ಎಂಟು ದಿನ ಮಲಗಿದ್ದರು. ಕೊನೆಯ ದಿನ ನನ್ನ ಕೈ ಹಿಡಿದು ಹೇಳಿದರು. "ನಿಮ್ಮಣ್ಣಂಗೆ ಈಗ್ಲೇ ಬರೆಸ್ಬೇಡ. ಆ ಹುಚ್ಚ ಹಿಮದಲ್ಲಿ ಹೊರಟುಬಿಡ್ತಾನೆ. ಕಾಲ್ಬೆರಳು ಎಂಟೇ ಉಳಿದಿರೋದು ಅವಂಗೆ." ಐದು ವಾರದ ಮೇಲೆ ನಿನ್ನ ಫೆಬ್ರವರಿಯ ಕಾಗದ ಬಂತು. ಅದರಲ್ಲಿ ನೀನೂ ಅದನ್ನೇ ಬರೆದಿದ್ದೆ, ಎಂಟು ಬೆರಳು ಎಂದು. ಅವರ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದೂ ಬರೆದಿದ್ದೆ. ನಾನು ಅದನ್ನು ಓದಿಸಿ ಕೇಳಿ, ಮಡಚಿಟ್ಟು, ಹೊಲಕ್ಕೆ ಹೋದೆ.

ನಿನ್ನ ಮೇಲೆ ಸಿಟ್ಟು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ನಮ್ಮಿಬ್ಬರಿಗೂ ಸುಳ್ಳು ಸಾಕು. ಎರಡು ದಿನ ಮಕ್ಕಳನ್ನೂ ಮಾತಾಡಿಸಲಿಲ್ಲ. ಇಲ್ಲಿ ಹಚ್ಚೋಣ ಎಂದವರನ್ನು ತಡೆದು, ನನ್ನ ಮನೆ ನಿಂತಿದೆ, ನನ್ನಣ್ಣ ಕಾಯುತ್ತಿದ್ದಾನೆ ಎಂದು ಆರು ತಿಂಗಳು ಈ ಮನುಷ್ಯನನ್ನು ಕತ್ತಲಲ್ಲಿ ಇಟ್ಟೆ. ಇಲ್ಲದ ಮನೆಯನ್ನು ನಂಬಿ. ಮೂರನೇ ದಿನ ನೀನು ನಾಲ್ಕು ಕಂಬ ನಿಲ್ಲಿಸಿ, ಐದನೆಯದಕ್ಕೆ ಇವರ ದಾರಿ ಕಾಯುತ್ತಾ ಕೂತಿದ್ದು ಕಣ್ಣಿಗೆ ಕಟ್ಟಿತು. ಆವತ್ತು ಅತ್ತೆ. ಮಾರ್ಚ್‌ನಲ್ಲಿ ಅತ್ತಿರಲಿಲ್ಲ.

ಅಣ್ಣ, ತೊಲೆ ಎತ್ತಬೇಡ. ನಾನು ಬರುವುದಿಲ್ಲ. ನಾನು ಬರಬೇಕೆಂದಿದ್ದು ಇವರು ಕೂತೆದ್ದ ಮನೆಗೆ. ಅದು ಇಲ್ಲ. ಇವರು ಇದ್ದಾರೆ, ಕಾಲುವೆಯ ದಂಡೆಯಲ್ಲಿ, ಉಪ್ಪುಮಣ್ಣಿನೊಳಗೆ. ಬಿಸಿಲು ಆಗದ ಮನುಷ್ಯ. ಇವರನ್ನು ಒಬ್ಬರನ್ನೇ ಇಲ್ಲಿ ಬಿಟ್ಟು ನಾನು ಹೊಸ ಚಾವಣಿಯ ಕೆಳಗೆ ಹೇಗೆ ಮಲಗಲಿ? ಮಾವ ಎಲ್ಲಿ ಎಂದು ಮಕ್ಕಳು ಕೇಳಿದರೆ ಬೆಟ್ಟದ ಕಡೆ ಕೈ ತೋರಿಸಲೂ ಇಲ್ಲಿ ಬೆಟ್ಟವಿಲ್ಲ, ಅದೊಂದು ದುಃಖ. ಆದರೂ ಬರುವುದಿಲ್ಲ. ಲಾರಿ ನಾಡಿದ್ದು ಹೊರಡುತ್ತದೆ. ನಮ್ಮ ಜಾಗ ಬೇರೆಯವರಿಗೆ ಕೊಟ್ಟೆ.

ಮೊನ್ನೆ ಸಂಜೆ ದೀಪ ಹಚ್ಚಿದೆವು. ಇಲ್ಲೇ, ಈ ಕೋಣೆಯಲ್ಲೇ. ಬತ್ತಿಗೆ ಹತ್ತಿ ಬೇಕಾದಷ್ಟಿದೆ. ರಬಾಬು ನುಡಿಸಿ ದೀಪದ ರಾತ್ರಿಯ ಹಾಡು ಹೇಳುವ ಮುದುಕರೊಬ್ಬರು ನಾಲ್ಕನೇ ವಿಭಾಗದಿಂದ ನಡೆದು ಬಂದರು. ಬಾಗಿಲಲ್ಲಿ ನಿಂತು ಸುತ್ತ ನೋಡಿ, "ಕಂಬಗಳೆಲ್ಲಿ ಮಗಳೇ, ಎಲ್ಲಿ ಕೂತು ಹಾಡ್ಲಿ" ಎಂದರು. ಮೂಲೆಮನೆಯ ಗುಲ್ಬೇಗಿಂ ಅಜ್ಜಿ, ಎಪ್ಪತ್ತು ದಾಟಿದವಳು, ಎದ್ದು ಹಿಟ್ಟಿನ ಡಬ್ಬಿ ತರಿಸಿದಳು. ನೆಲದ ಮೇಲೆ ಐದು ಕಡೆ ಒಂದೊಂದು ಹಿಡಿ ಹಿಟ್ಟು ಹಾಕಿದಳು. ಎಲ್ಲೆಲ್ಲಿ ಎಂದು ನಿನಗೆ ಹೇಳಬೇಕಾಗಿಲ್ಲ. "ಮರ ಇಲ್ದಿದ್ರೆ ನಾವಿದೀವಲ್ಲ, ನಿಂತ್ಕೊಳ್ಳಿ" ಎಂದು ಪ್ರವಾದಿಗಳ ಜಾಗದಲ್ಲಿ ತಾನೇ ನಿಂತಳು.

ನಾನು ಫಾತಿಮಾ ತಾಯಿಯ ಜಾಗದಲ್ಲಿ ನಿಂತೆ. ಜೋಡಿ ಕಂಬದ ಜಾಗಕ್ಕೆ ನಮ್ಮ ಸಾಲಿನ ಸಾವ್ರಿ ಮತ್ತು ಅವಳ ನಾದಿನಿ. ನಮ್ಮ ಕಣಿವೆಯ ಉಳಿದವರೆಲ್ಲ ರಾತ್ರಿಪಾಳಿಯಲ್ಲಿ ಹತ್ತಿ ಮೂಟೆ ಕಟ್ಟಲು ಹೋಗಿದ್ದರು. ಅಲಿಯ ಜಾಗ ಖಾಲಿ ಉಳಿಯಿತು. ಆಗ ಜುಲೈಖೋ, ಇದನ್ನು ಬರೆಯುತ್ತಿರುವವರೇ, "ನಾನು ನಿಮ್ಮವಳಲ್ಲ, ನಿಲ್ಲಬಹುದಾ" ಎಂದು ಮೆಲ್ಲಗೆ ಕೇಳಿದರು. ಅಜ್ಜಿ ಹೇಳಿದಳು: "ಕಾಡಲ್ಲಿ ಕಡಿದ ಮರಾನ ನಿಂದು ಯಾವ ಊರು ಅಂತ ಯಾರಾದ್ರೂ ಕೇಳ್ತಾರೇನೇ? ನೆಟ್ಟಗೆ ನಿಲ್ಲು, ಅಷ್ಟೇ."

ನಡುವೆ ದೀಪ ಇಟ್ಟರು. ಮಕ್ಕಳಿಬ್ಬರೂ ಮುದುಕರ ಪಕ್ಕ ಕೂತರು. ಅವರು ಹಾಡಿದರು. ಇವರ ಹೆಸರು, ಇವರ ಅಪ್ಪನ ಹೆಸರು, ನಮ್ಮೂರಿನ ಹೆಸರು ಹೇಳಿ ಕರೆದರು. ಬಾಗಿಲು ತೆಗೆದೇ ಇತ್ತು. ಹಾಡು ಬೆಳಗಿನ ಜಾವದವರೆಗೆ ನಡೆಯಿತು. ಅಜ್ಜಿ ಒಮ್ಮೆಯೂ ಗೋಡೆಗೆ ಒರಗಲಿಲ್ಲ. ಬತ್ತಿ ಪೂರ್ತಿ ಉರಿದು ತಾನಾಗಿಯೇ ಆರಿದಾಗ ಮುದುಕರು ರಬಾಬು ಕೆಳಗಿಟ್ಟರು.

"ಮುಗೀತು. ಇನ್ನು ಕೂತ್ಕೊಳ್ರಮ್ಮ" ಎಂದರು.

ಒಬ್ಬರು ಕೂತರೂ ಮನೆ ಬೀಳುತ್ತದೆ ಎಂದು ಐವರಿಗೂ ಗೊತ್ತಿತ್ತು. ಮೊದಲು ಕೂರುವ ಧೈರ್ಯ ಯಾರಿಗೂ ಬರಲಿಲ್ಲ. ಹೊಲದ ಗಂಟೆ ಹೊಡೆಯುವವರೆಗೆ ನಿಂತೇ ಇದ್ದೆವು ಅಣ್ಣ.

ಶಕರ್‌ಮೋ